ನಿಂತಾಗ ಮಾತ್ರ

ಮೂರನೆಯ ಸಲ ಸರ್ವೀಸ್ ಸೆಂಟರಿನವರು ಗಾಡಿ ವಾಪಸ್ ಕೊಟ್ಟಾಗ, ಜೊತೆಗೆ ಕೊಟ್ಟ ಚೀಟಿಯಲ್ಲಿ ಮೂರನೆಯ ಸಲವೂ ಅದೇ ಸಾಲು: "ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ." ಕಂಡುಬಂದಿಲ್ಲವಂತೆ! ಕಣ್ಣು ಮುಚ್ಚಿಕೊಂಡು ಹುಡುಕಿದರೆ ಕಂಡುಬರುವುದಾದರೂ ಹೇಗೆ? ಕಿವಿ ಮೇಡಂ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಹಿಂದಿನ ಎರಡು ಚೀಟಿಗಳ ಜೊತೆ ಖಾನೆಯಲ್ಲಿ ತುರುಕಿ, ಗೇಟಿನಿಂದ ಆಚೆ ಬಂದಳು. ಮೊದಲನೇ ಸಿಗ್ನಲ್ಲಿನಲ್ಲೇ ಕೆಂಪು ದೀಪ. ಬ್ರೇಕ್ ಒತ್ತಿದಳು. ಗಾಡಿ ನಿಂತಿತು. ನಿಂತದ್ದೇ ತಡ, ಶುರುವಾಯಿತು.

ಗಡಗಡ ಎನ್ನುವ ಹಾಗಿರಲಿಲ್ಲ, ದಡದಡ ಎನ್ನುವ ಹಾಗೂ ಇರಲಿಲ್ಲ. ಜುಂ ಎಂದು ಸೀಟಿನ ಕೆಳಗಿನಿಂದ ಹೊರಟು, ಬೆನ್ನು ಹತ್ತಿ, ಸ್ಟಿಯರಿಂಗ್ ಹಿಡಿದ ಬೆರಳಿನ ತುದಿಯವರೆಗೂ ಬರುವ ನಡುಕ. ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು. ಬಾಗಿಲ ಖಾನೆಯಲ್ಲಿದ್ದ ಪೆನ್ನು ಟಿಕಿಟಿಕಿ ಎನ್ನುತ್ತಿತ್ತು. ಹಸಿರು ಬಂತು, ಬ್ರೇಕಿನಿಂದ ಕಾಲೆತ್ತಿದಳು, ಗಾಡಿ ಹೊರಟಿತು, ನಡುಕ ಮಾಯ. ಏನೂ ಅರಿಯದ ಕೂಸಿನ ಹಾಗೆ ನೆಟ್ಟಗೆ ಓಡತೊಡಗಿತು.

"ನಿನ್ನ ಮನೆ ಹಾಳಾಗ," ಎಂದು ಗಾಡಿಗೇ ಬೈದಳು. ಆಮೇಲೆ, ಅದರ ಮನೆ ಎಂದರೆ ತಮ್ಮ ಮನೆಯೇ ಎಂದು ಹೊಳೆದು, ಬೈಗುಳವನ್ನು ಸರ್ವೀಸ್ ಸೆಂಟರಿನ ಕಡೆ ತಿರುಗಿಸಿದಳು.

ಕಿವಿ ಮೇಡಂ ಎನ್ನುವುದು ಶಾಲೆ ಮಕ್ಕಳು ಇಟ್ಟ ಹೆಸರು. ಸುತ್ತಮುತ್ತಲಿನ ಹನ್ನೊಂದು ಶಾಲೆಗಳಿಗೆ ಹೋಗಿ, ಒಂದೊಂದೇ ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿ, ಎಷ್ಟು ಸಣ್ಣ ದನಿ ಕೇಳಿಸುತ್ತದೆ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ. ದನಿ ಕೇಳಿಸಿದರೆ ಮಗು ಕೈ ಎತ್ತಬೇಕು. ಪರೀಕ್ಷೆಯ ಯಂತ್ರ ಒಂದು ಸಣ್ಣ ಸೂಟ್‌ಕೇಸಿನಷ್ಟಿದೆ. ಅದನ್ನು ಹೊತ್ತುಕೊಂಡು ಬಸ್ಸು ಹತ್ತಿ ಇಳಿಯುವುದು ಅವಳ ಕೈಲಾಗದು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿದೆ. ತೊಡೆಯಿಂದ ಪಾದದವರೆಗೆ ಲೋಹದ ಪಟ್ಟಿ ಕಟ್ಟಿಕೊಂಡು ನಡೆಯುತ್ತಾಳೆ. ಕ್ಲಚ್ ತುಳಿಯಬೇಕಾದ ಕಾಲು ಅದೇ ಆದ್ದರಿಂದ ಊರಲ್ಲಿ ಓಡಾಡುವ ನೂರರಲ್ಲಿ ತೊಂಬತ್ತು ಗಾಡಿ ಅವಳಿಗೆ ಇದ್ದೂ ಇಲ್ಲದ ಹಾಗೆ. ಈ ಗಾಡಿ ಆಟೋಮ್ಯಾಟಿಕ್. ಕ್ಲಚ್ಚೇ ಇಲ್ಲ, ಎರಡೇ ಪೆಡಲು, ಗೇರನ್ನು ತಾನೇ ಬದಲಾಯಿಸಿಕೊಳ್ಳುತ್ತದೆ. ಗೇರ್ ಲಿವರನ್ನು 'ಡಿ'ಗೆ, ಅಂದರೆ ಡ್ರೈವ್‌ಗೆ, ಎಳೆದು ಬ್ರೇಕ್ ಬಿಟ್ಟರೆ ಹೊರಟಿತು. ನಾಲ್ಕು ವರ್ಷದ ಹಿಂದೆ ಇದು ಬರುವವರೆಗೆ ಅವಳು ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕೂತು, ಬಂದವರ ಕಿವಿ ಮಾತ್ರ ನೋಡುತ್ತಿದ್ದಳು. ಗಾಡಿ ಹೋದರೆ ಮತ್ತೆ ಆ ಕೋಣೆಯೇ ಗತಿ.

ಈಗ ಆ ಗಾಡಿಯೇ ಕೈಬಿಟ್ಟು ಹೋಗುವುದರಲ್ಲಿತ್ತು. ಅದೇ ಅವಳ ಸಂಕಟ.

ಮನೆಗೆ ಬರುವಷ್ಟರಲ್ಲಿ ಅಣ್ಣ ಊಟದ ಮೇಜಿನ ಮುಂದೆ ಕೂತು ಕನ್ನಡಕ ಒರೆಸುತ್ತಿದ್ದ. ಅಣ್ಣನಿಗೆ ಏನಾದರೂ ಹೇಳುವುದಿದ್ದರೆ ಮೊದಲು ಕನ್ನಡಕ ಒರೆಸುತ್ತಾನೆ.

"ಏನಂದ್ರು?"

"ಏನೂ ಇಲ್ಲ ಅಂದ್ರು."

"ನಾನೂ ಓಡಿಸಿ ನೋಡಿದ್ನಲ್ಲ ಪುಟ್ಟಿ. ಬೆಣ್ಣೆ ಥರ ಓಡುತ್ತೆ."

"ಓಡುವಾಗ ಬೆಣ್ಣೇನೇ. ನಿಂತಾಗ ನಡುಗುತ್ತೆ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

"ನಿಲ್ಲಿಸಿಯೂ ನೋಡಿದೆ ಮಾರಾಯ್ತಿ. ನಾಲ್ಕು ಸಿಗ್ನಲ್ಲಲ್ಲಿ ನಿಂತಿದ್ದೆ. ಎಂಜಿನ್ ಇದೆಯೋ ಇಲ್ವೋ ಅನ್ನೋ ಹಾಗಿತ್ತು."

ಕಿವಿ ಮೇಡಂಗೆ ತಲೆ ಚಚ್ಚಿಕೊಳ್ಳಬೇಕು ಎನ್ನಿಸಿತು. ಇಷ್ಟರಲ್ಲಾಗಲೇ ಸರ್ವೀಸ್ ಸೆಂಟರಿನವರು ಚಕ್ರ ಬಿಚ್ಚಿ ಸಮತೂಕ ಮಾಡಿದ್ದರು, ಪ್ಲಗ್ ಬದಲಾಯಿಸಿದ್ದರು, ಅದೇನನ್ನೋ ತೊಳೆದಿದ್ದರು. ಹೊಟ್ಟೆನೋವು ಎಂದರೆ ಮೊಣಕಾಲಿಗೆ ಮುಲಾಮು ಹಚ್ಚುವ ಕೆಲಸ. ಕೊನೆಗೆ ಅಲ್ಲಿಯ ಸೂಪರ್‌ವೈಸರ್ ಹಲ್ಲು ಕಾಣುವಂತೆ ನಕ್ಕು, "ಮೇಡಂ, ಲೇಡೀಸ್‌ಗೆ ಸ್ವಲ್ಪ ಸೂಕ್ಷ್ಮ ಜಾಸ್ತಿ," ಎಂದಿದ್ದ. ಟೆಸ್ಟಿಗೆ ಹೊರಟವನ ಜೊತೆ ತಾನೂ ಬರುತ್ತೇನೆ ಎಂದರೆ, ಗ್ರಾಹಕರಿಗೆ ಅವಕಾಶವಿಲ್ಲ ಎಂಬ ಫಲಕ ತೋರಿಸಿದ್ದ.

ಅಣ್ಣ ಕನ್ನಡಕ ಹಾಕಿಕೊಂಡ. "ನೋಡು, ಸಮಾಧಾನವಾಗಿ ಕೇಳು. ಗಾಡಿ ನಿಜವಾಗಿ ನಡುಗುತ್ತೆ ಅಂದ್ರೆ ಅದು ಅಪಾಯ, ಇಟ್ಕೋಬಾರ್ದು. ನಡುಗಲ್ಲ ಅಂದ್ರೆ..."

"ಅಂದ್ರೆ?"

"ನಿಂಗೆ ಸುಸ್ತಾಗಿದೆ ಅಂತ. ದಿನಾ ಅಷ್ಟು ದೂರ ಒಬ್ಳೇ ಓಡಿಸೋದು ಬೇಡ ಅಂತ."

ಅತ್ತ ದರಿ, ಇತ್ತ ಪುಲಿ! ನಡುಗಿದರೆ ಗಾಡಿ ಮಾರಬೇಕು, ನಡುಗದಿದ್ದರೆ ಇವಳು ಓಡಿಸಬಾರದು. ಎಂಥ ನ್ಯಾಯ, ಎಂಥ ನ್ಯಾಯಾಧೀಶ!

"ನಾನು ದಿನಾ ಬಿಡ್ತೀನಿ, ಕರ್ಕೊಂಡು ಬರ್ತೀನಿ," ಎಂದ ಅಣ್ಣ. "ಆಸ್ಪತ್ರೆ ನನ್ನ ಆಫೀಸಿನ ದಾರೀಲೇ ಇದೆ."

"ಹನ್ನೊಂದು ಶಾಲೆ ನಿನ್ನ ಆಫೀಸಿನ ದಾರೀಲಿ ಇಲ್ವಲ್ಲ."

"ಶಾಲೆಗೆ ಬೇರೆ ಯಾರಾದ್ರೂ ಹೋಗ್ತಾರೆ ಬಿಡು. ಸುಮ್ನೆ ಎಲ್ಲದಕ್ಕೂ ಗಾಡಿ ಮೇಲೆ ತಪ್ಪು ಹಾಕೋದು, ಕುಣಿಯಲಾರದವಳು ನೆಲ ಡೊಂಕು ಅಂದ..."

ಗಾದೆ ಅರ್ಧಕ್ಕೆ ನಿಂತಿತು. ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತಿಗೆ ಕೈಯಲ್ಲಿದ್ದ ತಟ್ಟೆಗಳನ್ನು ಹಾಗೇ ಹಿಡಿದುಕೊಂಡು ನಿಂತಳು. ಅಣ್ಣನ ಮುಖ ಕೆಂಪಾಗಿ, ಆಮೇಲೆ ಬೆಳ್ಳಗಾಯಿತು. ಬೇಕೆಂದು ಆಡಿದ ಮಾತಲ್ಲ, ಬಾಯಿಗೆ ಬಂದ ಗಾದೆ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಕಿವಿ ಮೇಡಂಗೆ ನೋವಾಯಿತು, ತುಂಬಾ ನೋವಾಯಿತು.

"ಪೂರ್ತಿ ಹೇಳು ಅಣ್ಣ. ಗಾದೇನ ಅರ್ಧಕ್ಕೆ ಬಿಡಬಾರದು."

"ಪುಟ್ಟಿ, ನಾನು ಆ ಅರ್ಥದಲ್ಲಿ..."

"ಮಾತಾಡೋಕೆ ಮುಂಚೆ ನಾಲಿಗೇನ ಸ್ವಲ್ಪ ತೊಳ್ಕೊಳ್ಳಿ," ಎಂದು ಅತ್ತಿಗೆ ತಟ್ಟೆಗಳನ್ನು ಮೇಜಿನ ಮೇಲೆ ಕುಕ್ಕಿದಳು.

ಊಟ ಮುಗಿಯುವ ಹೊತ್ತಿಗೆ ಉಳಿದ ವಿಷಯವೂ ಹೊರಬಿತ್ತು. ಅಣ್ಣನ ಆಫೀಸಿನ ಸಹೋದ್ಯೋಗಿಯೊಬ್ಬರಿಗೆ ಇಂಥದ್ದೇ ಗಾಡಿ ಬೇಕಂತೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೋಡಲು ಬರುತ್ತಾರಂತೆ. ಗಾಡಿಯ ಕಾಗದಗಳೆಲ್ಲ ಅಣ್ಣನ ಹೆಸರಲ್ಲೇ ಇದ್ದವು. ಕೊಳ್ಳುವಾಗ ಅವನೇ ಓಡಾಡಿ ಸಹಿ ಹಾಕಿದ್ದ, ಅವಳಿಗೆ ಆಗ ಅದು ಉಪಕಾರವಾಗಿಯೇ ಕಂಡಿತ್ತು.

"ಅಷ್ಟರೊಳಗೆ ನಡುಕ ಏನಂತ ಸಿಕ್ಕಿದ್ರೆ?" ಎಂದು ಕೇಳಿದಳು.

"ನೋಡೋಣ," ಎಂದ ಅಣ್ಣ. ಆ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದು ಅರ್ಥ. ಚಿಕ್ಕ ಮಕ್ಕಳಿಗೂ ಗೊತ್ತು.

ಶನಿವಾರ ಬೆಳಿಗ್ಗೆ ಅವಳು ಗಾಡಿ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಹೋದಳು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯುದ್ದಕ್ಕೂ ಖಾಲಿ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಬೋಲ್ಟು ನಟ್ಟುಗಳು. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಮೂವತ್ತೈದು ವರ್ಷದಿಂದ ಇದೇ ಶೆಡ್ಡು. ಇವರ ಕೈಯಲ್ಲಿ ಆಗದ್ದು ಯಾರ ಕೈಯಲ್ಲೂ ಆಗದು ಎಂದು ಅತ್ತಿಗೆಯ ತಮ್ಮ ಹೇಳಿ ಕಳಿಸಿದ್ದ.

"ಯಾವಾಗ ನಡುಗುತ್ತಮ್ಮ?"

"ನಿಂತಾಗ ಮಾತ್ರ."

ಮೇಸ್ತ್ರಿ ಲಿವರನ್ನು 'ಪಿ'ಗೆ, ಅಂದರೆ ಪಾರ್ಕಿಂಗಿಗೆ, ಹಾಕಿ, ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿದರು. ಒಂದು ಸ್ಟೀಲ್ ಲೋಟದ ತುಂಬ ನೀರು ತಂದು ಎಂಜಿನ್ನಿನ ಮೇಲಿನ ಮಟ್ಟಸ ಜಾಗದಲ್ಲಿ ಇಟ್ಟರು. ಇಬ್ಬರೂ ಬಗ್ಗಿ ನೋಡಿದರು. ನೀರಿನಲ್ಲಿ ಕೂದಲೆಳೆಯಷ್ಟು ಅಲೆಯಿರಬಹುದು, ಅಷ್ಟೇ.

"ಗಡಿಯಾರ ನಡೆದ ಹಾಗೆ ನಡೀತಿದೆ," ಎಂದರು ಮೇಸ್ತ್ರಿ. "ನಿಂತೇ ಇದೆ. ಎಲ್ಲಿ ನಡುಗ್ತಿದೆ?"

"ಇಲ್ಲಿ ನಿಂತಾಗ ಅಲ್ಲ. ರೋಡಲ್ಲಿ ನಿಂತಾಗ."

"ಗಾಡಿಗೆ ಶೆಡ್ಡು ಯಾವುದು ರೋಡು ಯಾವುದು ಅಂತ ಗೊತ್ತಾಗುತ್ತೇನಮ್ಮ?"

ಕಿವಿ ಮೇಡಂ ಹಲ್ಲು ಕಚ್ಚಿ ಹಿಡಿದಳು. "ದಯವಿಟ್ಟು ಓಡಿಸಿ ನೋಡಿ. ನಾನೂ ಬರ್ತೀನಿ. ಪಕ್ಕದಲ್ಲೇ ಕೂತ್ಕೊಳ್ತೀನಿ."

ಪುಣ್ಯಾತ್ಮ, ಬೇಡ ಎನ್ನಲಿಲ್ಲ. ಹೊರಟರು. ಮೊದಲ ಸಿಗ್ನಲ್. ಗಾಡಿ ನಿಂತಿತು. ಅವಳು ಉಸಿರು ಬಿಗಿಹಿಡಿದು ಕಾದಳು. ನಡುಕವಿಲ್ಲ. ಎರಡನೆಯದು ರೈಲ್ವೆ ಗೇಟು. ನಡುಕವಿಲ್ಲ. ಮೂರನೆಯ ಕಡೆ ಶಾಲೆಯ ಮಕ್ಕಳು ಸಾಲಾಗಿ ರಸ್ತೆ ದಾಟಿದರು, ಪೂರಾ ಎರಡು ನಿಮಿಷ. ಗಾಡಿ ಧ್ಯಾನಕ್ಕೆ ಕೂತವರ ಹಾಗೆ ಅಲುಗದೆ ನಿಂತಿತ್ತು.

"ಎಲ್ಲಮ್ಮ ನಿಮ್ಮ ನಡುಕ? ಮನೇಲಿ ಮರೆತು ಬಂದ್ರಾ?"

ಅವಳಿಗೆ ಅಳು ಬರುವಂತಾಯಿತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಸೂಪರ್‌ವೈಸರ್ ಇಲ್ಲ ಎಂದ, ಅಣ್ಣ ಇಲ್ಲ ಎಂದ, ಈಗ ಈ ಮೇಸ್ತ್ರಿಯ ಪಕ್ಕದಲ್ಲಿ ಕೂತ ತನ್ನ ಬೆನ್ನೇ ಇಲ್ಲ ಎನ್ನುತ್ತಿದೆ. ಹಾಗಾದರೆ ಅಣ್ಣ ಹೇಳಿದ್ದೇ ಸರಿಯೇ? ದಿನದಿನವೂ ತಾನು ಅನುಭವಿಸಿದ್ದು ಬರೀ ಭ್ರಮೆಯೇ? ನಾಳೆ ಹತ್ತಕ್ಕೆ ಆ ಸಹೋದ್ಯೋಗಿ ಬಂದು ಕೀ ಇಸಿದುಕೊಂಡು ಹೋಗುತ್ತಾನೆ. ಸೋಮವಾರ ತಾನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿರುತ್ತೇನೆ.

ಅವಳ ಕೆಲಸದಲ್ಲಿ ಒಂದು ಪಾಠವಿದೆ. ಕೆಲವು ಮಕ್ಕಳು ದನಿ ಕೇಳಿಸದಿದ್ದರೂ ಕೇಳಿಸಿದಂತೆ ಕೈ ಎತ್ತುತ್ತವೆ. ಮೋಸ ಮಾಡಬೇಕೆಂದಲ್ಲ; ಗುಂಡಿ ಒತ್ತುವ ಮೇಡಂ ಕೈ ನೋಡಿಕೊಂಡು, ತಮಗೇ ಗೊತ್ತಿಲ್ಲದೆ ಎತ್ತುತ್ತವೆ. ಅಂಥ ಹೊತ್ತಿನಲ್ಲಿ ಯಂತ್ರದ ಮುಖ ನೋಡಿ ಪ್ರಯೋಜನವಿಲ್ಲ, ಮಗುವನ್ನು ನೋಡಬೇಕು. ಅವಳು ಗಾಡಿಯನ್ನು ಗಮನಿಸುವುದು ಬಿಟ್ಟು ಮೇಸ್ತ್ರಿಯತ್ತ ತಿರುಗಿ ಕೂತಳು. ನಾಲ್ಕನೆಯ ಸಿಗ್ನಲ್ ಬಂತು. ಮೇಸ್ತ್ರಿ ಬ್ರೇಕ್ ಒತ್ತಿದರು. ಚಕ್ರ ಪೂರ್ತಿ ನಿಲ್ಲುವುದಕ್ಕೂ ಮುಂಚೆಯೇ ಅವರ ಕೈ ಲಿವರಿನ ಮೇಲೆ ಹೋಗಿ, ಟಕ್ ಎಂದು ಮುಂದಕ್ಕೆ ತಳ್ಳಿ, ಮತ್ತೆ ಬಂದು ಸ್ಟಿಯರಿಂಗ್ ಹಿಡಿಯಿತು.

"ಅದೇನು ಮಾಡಿದ್ರಿ?"

"ಎಲ್ಲಿ? ಏನೂ ಮಾಡ್ಲಿಲ್ವಲ್ಲ."

"ಕೈ! ನಿಮ್ಮ ಕೈ ಲಿವರಿಗೆ ಹೋಯ್ತು."

ಮೇಸ್ತ್ರಿ ಬಗ್ಗಿ ನೋಡಿದರು. ಲಿವರ್ 'ಎನ್'ನಲ್ಲಿತ್ತು, ಅಂದರೆ ನ್ಯೂಟ್ರಲ್‌ನಲ್ಲಿ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲದ ಜಾಗ. "ಓ, ಇದಾ? ಗಾಡಿ ನಿಂತ ಮೇಲೆ ನ್ಯೂಟ್ರಲ್ ಮಾಡದೆ ಇನ್ನೇನು ಮಾಡ್ತಾರೆ?"

"ನಾನು ಮಾಡಲ್ಲ!"

"ಮಾಡಲ್ವಾ? ಮತ್ತೆ ಸಿಗ್ನಲ್ಲಲ್ಲಿ?"

"ಡಿಯಲ್ಲೇ ಇರುತ್ತೆ. ಬ್ರೇಕ್ ಒತ್ಕೊಂಡಿರ್ತೀನಿ. ಅದಕ್ಕೆ ತಾನೇ ಈ ಗಾಡಿ ಇರೋದು?"

"ನೀವು ನಿಂತಾಗ ಅಂದ್ರಲ್ಲಮ್ಮ!"

"ನಿಂತಾಗಲೇ! ನಿಮ್ಮ ಕೈಲಿ ಗಾಡಿ ತಾನಾಗಿ ನಿಂತಿದೆ ಮೇಸ್ತ್ರಿ. ನನ್ನ ಕೈಲಿ ಹೊರಡ್ತೀನಿ ಹೊರಡ್ತೀನಿ ಅಂತಿರುತ್ತೆ, ನಾನು ನಿಲ್ಲಿಸಿ ಹಿಡ್ಕೊಂಡಿರ್ತೀನಿ. ಈಗ ಡಿಗೆ ಹಾಕಿ. ಕಾಲು ಎತ್ತಬೇಡಿ. ಹಾಕಿ ನೋಡಿ!"

ಮೇಸ್ತ್ರಿ ಹಾಕಿದರು. ಜುಂ ಎಂದಿತು. ಸೀಟು ಹಿಡಿದು ಅಲುಗಾಡಿಸಿದಂತಾಯಿತು. ಕನ್ನಡಿ ಕಂಪಿಸಿತು, ಪೆನ್ನು ಟಿಕಿಟಿಕಿ ಎಂದಿತು. ಮೇಸ್ತ್ರಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಹಸಿರು ದೀಪ ಬಂದು, ಹಿಂದಿನವರು ಹಾರ್ನ್ ಹೊಡೆದು, ಬೈದು, ಪಕ್ಕದಿಂದ ದಾಟಿ ಹೋದರೂ ಅವರು ಅಲ್ಲೇ ಇದ್ದರು.

"ಥೂ ನನ್ನ!" ಎಂದರು ಕೊನೆಗೆ. "ಮೂವತ್ತೈದು ವರ್ಷದ ಕೈ, ನಂಗೇ ಮೋಸ ಮಾಡ್ತಲ್ಲ."

ನೋಡಿ, ಇದೇ ಆಗಿದ್ದು. ಸೂಪರ್‌ವೈಸರ್, ಅಣ್ಣ, ಮೇಸ್ತ್ರಿ, ಎಲ್ಲರೂ ಕ್ಲಚ್ ತುಳಿದು ಕಲಿತವರು. ಗಾಡಿ ನಿಂತ ಕೂಡಲೇ ನ್ಯೂಟ್ರಲ್ ಮಾಡು ಎಂದು ಕಲಿಸಿದವರ ಹತ್ತಿರ ತಲೆಗೆ ಮೊಟಕಿಸಿಕೊಂಡವರು. ಕ್ಲಚ್ ಹೋದರೂ ಆ ಮೊಟಕು ಹೋಗಿರಲಿಲ್ಲ. ನಡುಕವನ್ನು ಹುಡುಕುತ್ತ ಹೋದವರೆಲ್ಲ, ಅದು ಬರುವ ಹೊತ್ತಿಗೆ ಸರಿಯಾಗಿ ತಮ್ಮ ಕೈಯಿಂದಲೇ ಅದನ್ನು ಅಡಗಿಸಿ, ಬಂದು ದೋಷವಿಲ್ಲ ಎಂದು ಬರೆದಿದ್ದರು. ಕಿವಿ ಮೇಡಂ ಒಬ್ಬಳೇ ಕ್ಲಚ್ಚನ್ನು ಕಾಣದವಳು. ಹಾಗಾಗಿ ನಡುಕ ಅವಳೊಬ್ಬಳಿಗೇ ಕಂಡಿತು.

ವಾಪಸ್ ಬರುವಾಗ ಮೇಸ್ತ್ರಿ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಒಂದೇ ಕೈಯಲ್ಲಿ ಮೆಲ್ಲಗೆ ಓಡಿಸಿದರು. ಆದರೂ ಒಂದು ಕಡೆ ಅದು ತಪ್ಪಿಸಿಕೊಂಡು ಎದ್ದು ಲಿವರಿನತ್ತ ಹೊರಟಿತು. "ಸುಮ್ನೆ ಬಿದ್ದಿರು ಮುಂಡೇದೇ," ಎಂದು ಅದಕ್ಕೆ ಗದರಿಸಿದರು.

ಶೆಡ್ಡಿನಲ್ಲಿ ಬಾನೆಟ್ ಎತ್ತಿ ನೀರಿನ ಲೋಟವನ್ನು ಮತ್ತೆ ಎಂಜಿನ್ನಿನ ಮೇಲಿಟ್ಟು, ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಕೈಬ್ರೇಕ್ ಎಳೆದು, ಅವಳನ್ನು ಸ್ಟಿಯರಿಂಗಿನ ಮುಂದೆ ಕೂರಿಸಿದರು. "ನಾನು ಹೇಳೋವರೆಗೆ ಬ್ರೇಕಿಂದ ಕಾಲು ಎತ್ತಬಾರದು," ಎಂದು ತಾವು ಗಾಡಿಯ ಎದುರು ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ಅವಳು 'ಡಿ'ಗೆ ಎಳೆದಳು. ಲೋಟದ ನೀರು ಕುಣಿದು ಅಂಚಿನಿಂದ ಚೆಲ್ಲಿತು. ಎಂಜಿನ್ ಒಂದು ಮಗ್ಗುಲಿಗೆ ವಾಲಿ, ಕುರ್ಚಿಯಿಂದ ಏಳಲಾರದವರು ಏಳಲು ನೋಡಿದಂತೆ ಮೇಲೆದ್ದು ಅದುರುತ್ತಿತ್ತು. ಮೇಸ್ತ್ರಿ ಟಾರ್ಚ್ ಬಿಟ್ಟು ನೋಡಿದರು.

"ಸಿಕ್ತು ಕಳ್ಳ! ಮೌಂಟ್ ಹರಿದಿದೆ ಕಣಮ್ಮ. ಎಂಜಿನ್ ಕೂತ್ಕೊಳ್ಳೋ ರಬ್ಬರ್ ಮೆತ್ತೆ ಇದು. ಡಿಗೆ ಹಾಕಿ ಹಿಡ್ಕೊಂಡಾಗ ಎಂಜಿನ್ ಮುಂದಕ್ಕೆ ಜಗ್ಗುತ್ತೆ, ಮೆತ್ತೆ ಇಲ್ದೆ ಬರೀ ಕಬ್ಬಿಣಕ್ಕೆ ಕಬ್ಬಿಣ ತಾಗ್ತಿದೆ. ಗೇರ್‌ಬಾಕ್ಸಿಗೆ ಏನೂ ಆಗಿಲ್ಲ."

ಸಂಜೆ ನಾಲ್ಕಕ್ಕೆ ಹೊಸ ಮೆತ್ತೆ ಕೂತಿತು. 'ಡಿ'ಗೆ ಹಾಕಿ ಬ್ರೇಕ್ ಒತ್ತಿ ಪೂರ್ತಿ ಐದು ನಿಮಿಷ ಕೂತಳು. ಪೆನ್ನು ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ಮೇಸ್ತ್ರಿ ಹರಿದ ರಬ್ಬರನ್ನು ಕಾಗದದಲ್ಲಿ ಸುತ್ತಿ, "ಮನೇಲಿ ತೋರ್ಸಿ, ನಂಬ್ತಾರೆ," ಎಂದು ಕೈಗೆ ಕೊಟ್ಟರು.

ದಾರಿಯುದ್ದಕ್ಕೂ ಅವಳಿಗೆ ಹಾಡಬೇಕೆನ್ನಿಸುತ್ತಿತ್ತು. ಮನೆಗೆ ಬಂದು ಆ ಕಪ್ಪು ರಬ್ಬರನ್ನು ಊಟದ ಮೇಜಿನ ಮೇಲೆ, ಅಣ್ಣನ ಎದುರಿಗೇ ಇಟ್ಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಅಣ್ಣನೂ ರಬ್ಬರನ್ನು ತಿರುಗಿಸಿ ಮುರುಗಿಸಿ ನೋಡಿದ.

"ಒಳ್ಳೇದಾಯ್ತು ಬಿಡು," ಎಂದ. "ಇನ್ನು ಅವರಿಗೆ ಧೈರ್ಯವಾಗಿ ಕೊಡಬಹುದು."

"ಯಾರಿಗೆ?"

"ಅದೇ, ನಾಳೆ ಬರೋರಿಗೆ. ಮಾತು ಕೊಟ್ಟಾಗಿದೆಯಲ್ಲ."

ಕಿವಿ ಮೇಡಂ ಕುರ್ಚಿ ಎಳೆದುಕೊಂಡು ಕೂತಳು. ಕೂರದಿದ್ದರೆ ಆ ರಬ್ಬರನ್ನು ಎತ್ತಿ ಅಣ್ಣನ ತಲೆಗೆ ಎಸೆಯುತ್ತಿದ್ದಳು.

"ನಡುಗಿದ್ರೂ ಮಾರ್ತೀಯ, ನಡುಗದಿದ್ರೂ ಮಾರ್ತೀಯ. ಹಾಗಾದ್ರೆ ಇದು ಗಾಡಿ ವಿಷಯ ಅಲ್ಲ. ಏನು ಅಂತ ಬಾಯಿ ಬಿಟ್ಟು ಹೇಳು. ಹೇಳೋವರೆಗೆ ನಾನು ಇಲ್ಲಿಂದ ಏಳಲ್ಲ."

ಅಣ್ಣ ಕನ್ನಡಕ ತೆಗೆದ. ಒರೆಸಿದ. ಹಾಕಿದ. ಮತ್ತೆ ತೆಗೆದ. ಅವಳು ಕಾದಳು. ಅಣ್ಣ ಮಾತಾಡಿದಾಗ ಮೇಜಿನ ಕಡೆ ನೋಡಿಕೊಂಡು ಮಾತಾಡಿದ.

"ಹತ್ತು ವರ್ಷ ಸೈಕಲ್ಲಲ್ಲಿ ಕೂರಿಸ್ಕೊಂಡು ನಿನ್ನ ಸ್ಕೂಲಿಗೆ ಬಿಟ್ಟೆ. ಕಾಲೇಜಿಗೆ ಬಿಟ್ಟೆ. ಆಸ್ಪತ್ರೆಗೂ ಬಿಟ್ಟೆ. ದಾರಿಯುದ್ದಕ್ಕೂ ನಿನ್ನ ಬಾಯಿ ನಿಲ್ತಿರಲಿಲ್ಲ. ಯಾವ ಟೀಚರ್ ಏನಂದ್ರು, ಯಾರು ಯಾರ ಜುಟ್ಟು ಹಿಡ್ಕೊಂಡ್ರು, ಎಲ್ಲಾ ನಂಗೆ ಗೊತ್ತಿತ್ತು. ಈಗ ಬರ್ತೀಯ, ಊಟ ಮಾಡ್ತೀಯ, ಮಲಗ್ತೀಯ. ಹನ್ನೊಂದು ಶಾಲೆ ಅಂತೀಯಲ್ಲ, ಅದರಲ್ಲಿ ಒಂದರ ಹೆಸರೂ ನಂಗೆ ಗೊತ್ತಿಲ್ಲ ಪುಟ್ಟಿ."

ಅತ್ತಿಗೆ ಮೆಲ್ಲಗೆ ಅಡುಗೆಮನೆಗೆ ಹೋದಳು. ಕಿವಿ ಮೇಡಂಗೆ ಅಣ್ಣನನ್ನು ತಬ್ಬಿಕೊಳ್ಳಬೇಕೋ, ಬಾರಿಸಬೇಕೋ ತಿಳಿಯಲಿಲ್ಲ. ಎರಡೂ ಬೇಕೆನ್ನಿಸಿತು.

"ಅದಕ್ಕೆ ಗಾಡಿ ಮಾರಬೇಕಾ? ಬಾಯಿಬಿಟ್ಟು ಕೇಳಿದ್ರೆ ಮುತ್ತು ಉದುರಿ ಹೋಗ್ತಿತ್ತಾ? ನಾಲ್ಕು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ನನ್ನ ಪಕ್ಕ ಬಂದು ಕೂತಿದೀಯಾ?"

"ನೀನು ಕರೀಲಿಲ್ಲ."

"ಅಯ್ಯೋ ನನ್ನ ಕರ್ಮವೇ! ಸೈಕಲ್ ಮೇಲೆ ಕೂರಿಸ್ಕೊಳ್ಳುವಾಗ ನಾನೇನು ನಿಂಗೆ ಪತ್ರ ಬರೆದು ಕರೆದಿದ್ನಾ?"

ಅತ್ತಿಗೆ ಒಳಗಿಂದ ಅವನ ಫೋನನ್ನು ತಂದು, ಆ ಸಹೋದ್ಯೋಗಿಯ ನಂಬರ್ ಒತ್ತಿ, ಗಂಡನ ಕೈಗೆ ಹಿಡಿಸಿದಳು. ಆ ಕಡೆ ರಿಂಗಾಗುತ್ತಿತ್ತು. ಅಣ್ಣ ಎದ್ದು ಕಿಟಕಿಯ ಹತ್ತಿರ ಹೋದ.

"ಹಲೋ... ಹ್ಞಾಂ, ನಾನೇ. ನಾಳೆ ಬರಬೇಡಿ ಅಂತ ಹೇಳೋಣ ಅಂತ. ಗಾಡಿ ಕೊಡೋಕಾಗಲ್ಲ... ಏನಿಲ್ಲ, ಅದು ಸ್ವಲ್ಪ ನಡುಗುತ್ತೆ. ನಿಮಗೆ ಬೇಡ ಅದು..."

"ಅಣ್ಣಾ!"

ಆ ಕೂಗು ಪಕ್ಕದ ಮನೆಗೂ ಕೇಳಿಸಿರಬೇಕು. ಕಿವಿ ಮೇಡಂ ಎದ್ದು ನಿಂತಿದ್ದಳು, ಹರಿದ ರಬ್ಬರು ಅವಳ ಕೈಯಲ್ಲಿತ್ತು. ಅಣ್ಣ ಅದನ್ನು ನೋಡಿದ, ಅವಳ ಮುಖ ನೋಡಿದ. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಇಲ್ಲ, ಇಲ್ಲ. ನಡುಗಲ್ಲ. ಗಾಡಿ ಚೆನ್ನಾಗೇ ಇದೆ," ಎಂದ. ತಂಗಿಯ ಕಡೆ ತಿರುಗಿ, "ಗಾಡಿ ನಂದಲ್ಲ, ನನ್ನ ತಂಗೀದು. ಅವಳು ಕೊಡಲ್ಲ," ಎಂದ.